ಸೇತುವೆಗೂ ಒಂದು ಮಾಡು: ಕಾರ್ನಿಷ್–ವಿಂಡ್ಸರ್ ಸೇತುವೆಯ ಇತಿಹಾಸ ಮತ್ತು ಕಟ್ಟೋಣ

ಅಮೆರಿಕದ ಈಶಾನ್ಯ ಮೂಲೆಯಲ್ಲಿ, ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಕಾರ್ನಿಷ್ ಎಂಬ ಹಳ್ಳಿಗೂ ವರ್ಮಾಂಟ್ ರಾಜ್ಯದ ವಿಂಡ್ಸರ್ ಎಂಬ ಪೇಟೆಗೂ ನಡುವೆ ಕನೆಕ್ಟಿಕಟ್ ನದಿ ಹರಿಯುತ್ತದೆ. ಆ ನದಿಯ ಮೇಲೆ 1866ರಲ್ಲಿ ಕಟ್ಟಿದ ಮರದ ಸೇತುವೆಯೊಂದು ಇಂದಿಗೂ ವಾಹನಗಳನ್ನು ದಾಟಿಸುತ್ತಿದೆ. ದೂರದಿಂದ ನೋಡಿದರೆ ಅದು ಸೇತುವೆ ಎಂದು ತೋರುವುದಿಲ್ಲ. ಉದ್ದನೆಯ ಕಣಜದ ಮನೆಯನ್ನು ಯಾರೋ ಎತ್ತಿ ನದಿಗೆ ಅಡ್ಡಲಾಗಿ ಇಟ್ಟಂತೆ ಕಾಣುತ್ತದೆ. ಎರಡು ಬದಿಗೂ ಹಲಗೆಯ ಗೋಡೆ, ಮೇಲೆ ಇಳಿಜಾರಾದ ಮಾಡು. ಪ್ರವೇಶದ್ವಾರದ ಮೇಲೆ ಒಂದು ಫಲಕ: ಕುದುರೆಗಳನ್ನು ಓಡಿಸದೆ ನಡೆಸಿರಿ, ತಪ್ಪಿದರೆ ಎರಡು ಡಾಲರ್ ದಂಡ. ಈ ಫಲಕದ ಹಿಂದೆ ಏನಿದೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಸೇತುವೆಗೆ ಮಾಡು ಏಕೆ ಬೇಕು?

ಈ ಪ್ರಶ್ನೆ ಕೇಳಿದಾಗ ಬರುವ ಉತ್ತರಗಳನ್ನು ನೀವೂ ಊಹಿಸಬಲ್ಲಿರಿ. ದಾರಿಹೋಕರು ಮಳೆಗೆ ನೆನೆಯಬಾರದು ಎನ್ನುತ್ತಾರೆ ಕೆಲವರು. ಕೆಳಗೆ ಹರಿಯುವ ನೀರನ್ನು ಕಂಡು ಕುದುರೆ ಬೆದರಬಾರದು ಎನ್ನುತ್ತಾರೆ ಇನ್ನು ಕೆಲವರು. ಹಿಮದ ನಾಡಲ್ಲವೇ, ರಸ್ತೆಯ ಮೇಲೆ ಹಿಮ ಬೀಳದಿರಲಿ ಎಂದು ಕಟ್ಟಿರಬೇಕು ಎಂಬ ಉತ್ತರವೂ ಉಂಟು. ಈ ಮೂರನೆಯ ಉತ್ತರವನ್ನು ಚಳಿಗಾಲದ ರೂಢಿಯೇ ಅಲ್ಲಗಳೆಯುತ್ತದೆ. ಆ ಕಾಲದಲ್ಲಿ ಚಳಿಗಾಲದ ಸಂಚಾರವೆಲ್ಲ ಚಕ್ರವಿಲ್ಲದ ಜಾರುಬಂಡಿಗಳಲ್ಲಿ ನಡೆಯುತ್ತಿತ್ತು. ಚಾವಣಿಯ ಕೆಳಗಿನ ಒಣ ಹಲಗೆಯ ಮೇಲೆ ಜಾರುಬಂಡಿ ಜಾರುವುದಿಲ್ಲ. ಆದ್ದರಿಂದ ಊರಿನವರು ಆಳುಗಳನ್ನು ಗೊತ್ತುಮಾಡಿ, ಹೊರಗಿನ ಹಿಮವನ್ನು ಸಲಿಕೆಯಿಂದ ತಂದು ಸೇತುವೆಯೊಳಗೆ ಹರಡಿಸುತ್ತಿದ್ದರು. ಹಿಮ ತಡೆಯುವುದಕ್ಕಾಗಿಯೇ ಮಾಡು ಕಟ್ಟಿದ್ದರೆ ಕೂಲಿ ಕೊಟ್ಟು ಒಳಗೆ ಹಿಮ ತುಂಬಿಸುವ ಅಗತ್ಯವಿರಲಿಲ್ಲ.

ಮಾಡು ಇರುವುದು ದಾಟುವವರಿಗಾಗಿ ಅಲ್ಲ, ಸೇತುವೆಯನ್ನು ಹೊತ್ತು ನಿಂತ ಮರಕ್ಕಾಗಿ. ಮಲೆನಾಡಿನಲ್ಲಿ ಮಳೆಗಾಲ ಹಿಡಿಯುವ ಮೊದಲು ಮಣ್ಣಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಆ ತಟ್ಟಿ ಮನೆಯೊಳಗೆ ಇರುವವರಿಗಾಗಿ ಕಟ್ಟಿದ್ದಲ್ಲ, ಗೋಡೆಗಾಗಿ ಕಟ್ಟಿದ್ದು. ಗೋಡೆ ಉಳಿದರೆ ಮನೆಯವರೂ ಉಳಿದಾರು. ಈ ಸೇತುವೆಯ ಮಾಡು ಮತ್ತು ಹಲಗೆಗೋಡೆಗಳೂ ಅದೇ ಲೆಕ್ಕದವು.

ಮರ ಹೇಗೆ ಕೆಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ. ನೀರು ತಾನಾಗಿಯೇ ಮರವನ್ನು ಕೊಳೆಯಿಸುವುದಿಲ್ಲ, ಕೊಳೆಯಿಸುವುದು ಶಿಲೀಂಧ್ರ. ಅದು ಬೆಳೆಯಲು ಗಾಳಿ ಮತ್ತು ತೇವ ಎರಡೂ ಬೇಕು. ಮರದೊಳಗಿನ ತೇವ ಒಣತೂಕದ ನೂರಕ್ಕೆ 20 ಪಾಲಿಗಿಂತ ಕಡಿಮೆ ಇದ್ದರೆ ಶಿಲೀಂಧ್ರ ತಲೆಯೆತ್ತದು. ಸದಾ ನೀರಿನಲ್ಲೇ ಮುಳುಗಿರುವ ಮರವೂ ಬಹುಕಾಲ ಬಾಳುತ್ತದೆ, ಅಲ್ಲಿ ಗಾಳಿ ಸಿಗುವುದಿಲ್ಲ. ನೆನೆಯುತ್ತ ಒಣಗುತ್ತ ಮತ್ತೆ ನೆನೆಯುತ್ತ ಇರುವ ಮರಕ್ಕೇ ಆಪತ್ತು. ಅದರಲ್ಲಿಯೂ ಎರಡು ತೊಲೆಗಳು ಒಂದರ ಮೇಲೊಂದು ಕೂಡುವ ಜಾಗ ಅತ್ಯಂತ ಅಪಾಯದ್ದು. ಬಯಲಿನ ಮುಖಕ್ಕೆ ಬಿದ್ದ ಮಳೆ ಬಿಸಿಲಿಗೆ ಆರುತ್ತದೆ, ಕೂಡುಗೆಯ ಸಂದಿಗೆ ಇಳಿದ ನೀರು ವಾರಗಟ್ಟಲೆ ಅಲ್ಲೇ ಉಳಿಯುತ್ತದೆ. ಸೇತುವೆಯ ಬಲವೆಲ್ಲ ಇರುವುದು ಕೂಡುಗೆಗಳಲ್ಲಿ, ಕೊಳೆತ ಮೊದಲು ಹಿಡಿಯುವುದೂ ಅಲ್ಲೇ.

ಅಮೆರಿಕದಲ್ಲಿ ಈ ವಿವೇಕ ಆಚರಣೆಗೆ ಬಂದ ಸಂದರ್ಭ ದಾಖಲಾಗಿದೆ. ಫಿಲಡೆಲ್ಫಿಯಾ ನಗರದಲ್ಲಿ ಸ್ಕೂಕಿಲ್ ನದಿಗೆ ಟಿಮೊಥಿ ಪಾಮರ್ ಎಂಬ ಸೇತುವೆ ಕಟ್ಟುವ ಕುಶಲಿ ಮರದ ದೊಡ್ಡ ಸೇತುವೆಯೊಂದನ್ನು ಕಟ್ಟಿದ. 1805ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಸೇತುವೆ ಕಂಪನಿಯ ಅಧ್ಯಕ್ಷರಾಗಿದ್ದವರು ರಿಚರ್ಡ್ ಪೀಟರ್ಸ್ ಎಂಬ ನ್ಯಾಯಾಧೀಶರು. ಇಷ್ಟು ಹಣ ಸುರಿದ ಸೇತುವೆಗೆ ಮಾಡು ಹೊದಿಸಬೇಕು ಎಂದು ಅವರು ಹಟ ಹಿಡಿದರು. ಪಾಮರ್ ಕೂಡ ಒಪ್ಪಿದ. ಹೊದಿಕೆಯಿಲ್ಲದ ಸೇತುವೆ ಹತ್ತು ಹನ್ನೆರಡು ವರ್ಷಕ್ಕೆ ಕೆಡುತ್ತದೆ, ಚೆನ್ನಾಗಿ ಹೊದಿಸಿದ್ದು ಮೂವತ್ತು ನಲವತ್ತು ವರ್ಷ ಬಾಳೀತು ಎಂಬುದು ಅವನ ಅಂದಾಜಾಗಿತ್ತು. ಆ ಸೇತುವೆ ಕೊನೆಗೆ 1875ರಲ್ಲಿ ಬೆಂಕಿಗೆ ಆಹುತಿಯಾಯಿತು. ಅಷ್ಟರಲ್ಲಿ ಎಪ್ಪತ್ತು ವರ್ಷ ಕಳೆದಿತ್ತು. ಹಾಗೆಂದು ಚಾವಣಿ ಸೇತುವೆ ಅಮೆರಿಕದವರ ಶೋಧವೆಂದು ತಿಳಿಯಬಾರದು. ಸ್ವಿಟ್ಜರ್ಲೆಂಡಿನ ಲೂಸರ್ನ್ ಪಟ್ಟಣದಲ್ಲಿ ಹದಿನಾಲ್ಕನೆಯ ಶತಮಾನದಷ್ಟು ಹಿಂದೆಯೇ ಅಂಥದೊಂದನ್ನು ಕಟ್ಟಿದ್ದರು. ಹದಿನೆಂಟನೆಯ ಶತಮಾನದಲ್ಲಿ ಗ್ರೂಬೆನ್‌ಮಾನ್ ಎಂಬ ಬಡಗಿ ಷಾಫ್‌ಹೌಸೆನ್‌ನಲ್ಲಿ ರೈನ್ ನದಿಗೆ ಎರಡೇ ಹರವಿನ, ಅಂದರೆ ನಡುವೆ ಒಂದೇ ಆಸರೆಯಿರುವ, ಸೇತುವೆ ಕಟ್ಟಿ ಯುರೋಪಿನ ಗಮನ ಸೆಳೆದಿದ್ದ. 1799ರ ಯುದ್ಧದಲ್ಲಿ ಫ್ರೆಂಚ್ ಸೇನೆ ಅದನ್ನು ಸುಟ್ಟಿತು. ಅಮೆರಿಕದ ವೈಶಿಷ್ಟ್ಯವೆಂದರೆ ಅಲ್ಲಿ ಇಂಥ ಸೇತುವೆ ನಗರಗಳಿಂದ ಹಳ್ಳಿಗೆ ಇಳಿಯಿತು. ಹಳ್ಳಿಯ ಬಡಗಿಗೂ ಕಟ್ಟಲು ಸಾಧ್ಯವಾಯಿತು.

ಕನೆಕ್ಟಿಕಟ್ ನದಿಗೆ ಮರಳೋಣ. ಈಗಿರುವುದು ಆ ಜಾಗದ ನಾಲ್ಕನೆಯ ಸೇತುವೆ. ಮೊದಲನೆಯದನ್ನು 1796ರಲ್ಲಿ, ಎರಡನೆಯದನ್ನು 1824ರಲ್ಲಿ, ಮೂರನೆಯದನ್ನು 1849ರಲ್ಲಿ ಕಟ್ಟಿದರು. ಮೂರನ್ನೂ ನದಿ ಕೊಂಡೊಯ್ದಿತು. ನಮ್ಮ ನದಿಗಳ ನೆರೆಗೂ ಆ ನದಿಯ ನೆರೆಗೂ ಒಂದು ವ್ಯತ್ಯಾಸವಿದೆ. ಅಲ್ಲಿ ಚಳಿಗಾಲದಲ್ಲಿ ನದಿಯ ಮೈ ಹೆಪ್ಪುಗಟ್ಟುತ್ತದೆ. ಚಳಿ ಮುಗಿಯುವ ಹೊತ್ತಿಗೆ ಕರಗಿದ ಹಿಮದ ನೀರು ಅಡಿಯಿಂದ ಉಬ್ಬಿ ಆ ಹೆಪ್ಪನ್ನು ಒಡೆಯುತ್ತದೆ. ಹಾಸುಗಲ್ಲಿನಂಥ ಮಂಜುಗಡ್ಡೆಗಳು ಒಂದನ್ನೊಂದು ತಳ್ಳುತ್ತ ಬಂದು ಸೇತುವೆಯ ನಡುಗಂಬಕ್ಕೆ ಅಪ್ಪಳಿಸುತ್ತವೆ, ರಾಶಿಯಾಗಿ ಅಣೆಕಟ್ಟಿನಂತೆ ನೀರನ್ನು ಹಿಂದಕ್ಕೆ ತಡೆಯುತ್ತವೆ, ಮಟ್ಟ ಏರಿದಾಗ ಸೇತುವೆಯ ತಳವನ್ನೇ ಮುಟ್ಟುತ್ತವೆ. ಮೂರನೆಯ ಸೇತುವೆ ಹೋದದ್ದು 1866ರ ಮಾರ್ಚ್ ತಿಂಗಳ ನೆರೆಯಲ್ಲಿ. ಅದೇ ವರ್ಷ ಬೀಲಾ ಫ್ಲೆಚರ್ ಮತ್ತು ಜೇಮ್ಸ್ ಟಾಸ್ಕರ್ ಎಂಬ ಇಬ್ಬರು ನಾಲ್ಕನೆಯದನ್ನು ಕಟ್ಟಿ ನಿಲ್ಲಿಸಿದರು. ತಗಲಿದ ವೆಚ್ಚ 9,000 ಡಾಲರ್. ಉದ್ದ ಸುಮಾರು 450 ಅಡಿ. ನಡುವೆ ಒಂದೇ ಒಂದು ಕಲ್ಲಿನ ಕಂಬ. ಅದರ ಎರಡು ಮಗ್ಗುಲಿಗೂ ಇನ್ನೂರು ಅಡಿಗೆ ಮೀರಿದ ಹರವು. ಮಂಜುಗಡ್ಡೆ ತಡೆಯಿಲ್ಲದೆ ಸಾಗಬೇಕಾದ ನದಿಯಲ್ಲಿ ಕಂಬಗಳು ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಕಂಬ ಕಡಿಮೆಯಾದಂತೆ ಹರವು ಹೆಚ್ಚುತ್ತದೆ, ಹರವು ಹೆಚ್ಚಿದಂತೆ ಮರದ ಮೇಲಿನ ಭಾರ ಹೆಚ್ಚುತ್ತದೆ.

ಇನ್ನೂರು ಅಡಿ ಉದ್ದದ ಮರ ಎಲ್ಲಿಯೂ ಸಿಗದು. ಮಲೆನಾಡಿನ ಹಳ್ಳಕ್ಕೆ ಹಾಕುವ ಸಂಕದಂತೆ ಎರಡು ಮರ ಕಡಿದು ಅಡ್ಡ ಹಾಕಿ ದಾಟುವ ಮಾತು ಇಲ್ಲಿಲ್ಲ. ಚಿಕ್ಕ ಚಿಕ್ಕ ತುಂಡುಗಳನ್ನು ಸೇರಿಸಿ ಅವೆಲ್ಲ ಒಂದೇ ತೊಲೆಯಂತೆ ವರ್ತಿಸುವ ಹಾಗೆ ಮಾಡಬೇಕು. ಅದಕ್ಕೆ ಇರುವ ಉಪಾಯವೇ ತ್ರಿಕೋನ. ಮನೆಗೆ ಹೋದ ಮೇಲೆ ಒಂದು ಪ್ರಯೋಗ ಮಾಡಿ ನೋಡಿ. ನಾಲ್ಕು ರೀಪುಗಳನ್ನು ಚೌಕಟ್ಟಾಗಿ ಜೋಡಿಸಿ ಮೂಲೆಗೊಂದರಂತೆ ಮೊಳೆ ಹೊಡೆಯಿರಿ. ಪಕ್ಕದಿಂದ ಒತ್ತಿದರೆ ಚೌಕಟ್ಟು ವಾಲುತ್ತದೆ. ಈಗ ಮೂಲೆಯಿಂದ ಮೂಲೆಗೆ ಓರೆಯಾಗಿ ಐದನೆಯ ರೀಪನ್ನು ಹೊಡೆಯಿರಿ. ಎಷ್ಟು ಒತ್ತಿದರೂ ಅದು ಕದಲದು. ಹೀಗೆ ಓರೆಪಟ್ಟಿಗಳಿಂದ ಬಿಗಿದ ಚೌಕಟ್ಟಿಗೆ ಎಂಜಿನಿಯರರು ಟ್ರಸ್ ಎನ್ನುತ್ತಾರೆ. ಸೇತುವೆಯ ಎರಡು ಪಕ್ಕದಲ್ಲಿ ಹಲಗೆಗೋಡೆಯ ಹಿಂದೆ ಅಡಗಿರುವುದು ಇಂಥ ಎರಡು ಟ್ರಸ್‌ಗಳೇ. ಅವುಗಳ ನಡುವೆ ರಸ್ತೆ ಹಾಸಿದೆ. ಭಾರ ಬಿದ್ದಾಗ ಟ್ರಸ್‌ನ ಮೇಲ್ತೊಲೆ ಒತ್ತಡಕ್ಕೆ ಸಿಗುತ್ತದೆ, ಅಡಿತೊಲೆ ಎಳೆತಕ್ಕೆ ಸಿಗುತ್ತದೆ. ಈ ಎಳೆತ ಎಂಬ ಮಾತನ್ನು ನೆನಪಿಡಿ. ಈ ಸೇತುವೆಯ ಮುಂದಿನ ಕಷ್ಟಗಳೆಲ್ಲ ಅಲ್ಲಿಂದಲೇ ಹುಟ್ಟಿದವು.

ಟ್ರಸ್‌ಗಳಲ್ಲಿ ಹಲವು ಬಗೆಗಳಿವೆ. ಥಿಯೊಡೋರ್ ಬರ್ ಎಂಬವನು ಟ್ರಸ್‌ಗೆ ಮರದ ಕಮಾನನ್ನು ಜೋಡಿಸಿದ. ವಿಲಿಯಂ ಹೌ 1840ರಲ್ಲಿ ಕಬ್ಬಿಣದ ಸಲಾಕೆಗಳನ್ನು ಸೇರಿಸಿ ರೈಲು ಸೇತುವೆಗಳಿಗೆ ದಾರಿ ಮಾಡಿದ. ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ. ನಮ್ಮ ಸೇತುವೆಗೆ ಬೇಕಾದ ಹೆಸರು ಇತಿಯಲ್ ಟೌನ್. ಅವನು ಕಟ್ಟಡಗಳ ವಾಸ್ತುಶಿಲ್ಪಿ. 1820ರ ಜನವರಿಯಲ್ಲಿ ಅವನು ಪಡೆದ ಪೇಟೆಂಟಿನಲ್ಲಿ ನೋಡಲು ಅತಿ ಸರಳವಾದ ವಿಚಾರವೊಂದಿತ್ತು. ಒಂದು ಸಾಲು ಹಲಗೆಗಳನ್ನು ಬಲಕ್ಕೆ ಓರೆಯಾಗಿ, ಇನ್ನೊಂದು ಸಾಲನ್ನು ಎಡಕ್ಕೆ ಓರೆಯಾಗಿ ಹೊಂದಿಸಬೇಕು. ಅವು ಒಂದನ್ನೊಂದು ಹಾಯುವ ಪ್ರತಿ ಜಾಗದಲ್ಲಿ ಬೈರಿಗೆಯಿಂದ ತೂತು ಕೊರೆದು ಓಕ್ ಮರದ ಗೂಟ ಬಡಿಯಬೇಕು. ಮೇಲೆ ಕೆಳಗೆ ಉದ್ದುದ್ದ ಹಲಗೆಗಳನ್ನು ಇಬ್ಬದಿಯಿಂದ ಅಪ್ಪಿಸಿ ಅವನ್ನೂ ಗೂಟಗಳಿಂದಲೇ ಬಿಗಿಯಬೇಕು. ಬಿದಿರು ದಬ್ಬೆಯಿಂದ ಓರೆಯಾಗಿ ಹೆಣೆದ ಬೇಲಿಯನ್ನು ನೆನೆಸಿಕೊಂಡರೆ ಆಕಾರ ನಿಮಗೆ ಹೊಳೆಯುತ್ತದೆ. ಮೈಲಿಗಟ್ಟಲೆ ಕಟ್ಟಿಟ್ಟು ಬೇಕಾದಷ್ಟು ಗಜ ಕತ್ತರಿಸಿ ಕೊಡಬಹುದಾದ ಸೇತುವೆ ಎಂಬ ಮಾತು ಇದರ ಬಗ್ಗೆ ಹುಟ್ಟಿಕೊಂಡಿತು.

ಈ ವಿನ್ಯಾಸ ನನಗೆ ಮೆಚ್ಚುಗೆಯಾಗುವುದು ಬರೀ ಅದರ ಸರಳತೆಗಾಗಿ ಅಲ್ಲ. ಇದಕ್ಕಿಂತ ಹಿಂದಿನ ಮರದ ಸೇತುವೆಗಳಿಗೆ ಭಾರಿ ತೊಲೆಗಳು ಬೇಕಿದ್ದವು, ಆ ತೊಲೆಗಳಿಗೆ ಉಳಿಯಿಂದ ಕುಳಿ ತೆಗೆದು ನಾಲಗೆ ಕೂಡಿಸುವ ಪಳಗಿದ ಕೈ ಬೇಕಿತ್ತು. ಟೌನ್‌ನ ಜಾಲರಿಗೆ ಬೇಕಾದುದು ಹಳ್ಳಿಯ ಗರಗಸದ ಗಿರಣಿಯಲ್ಲಿ ಕೊಯ್ಯಬಹುದಾದ ಮೂರು ಅಂಗುಲ ದಪ್ಪದ ಹಲಗೆಗಳು. ಎಲ್ಲ ಹಲಗೆಗಳ ಅಳತೆಯೂ ಹೆಚ್ಚು ಕಡಿಮೆ ಒಂದೇ. ಮಾಡಬೇಕಾದ ಕೆಲಸವೂ ಒಂದೇ: ಅಳೆದು ತೂತು ಕೊರೆಯುವುದು, ಗೂಟ ಬಡಿಯುವುದು. ಭಾರ ನೂರಾರು ಕೂಡುಗೆಗಳಲ್ಲಿ ಹಂಚಿಹೋಗುವುದರಿಂದ ಒಂದು ಹಲಗೆ ಸೀಳಿದರೂ, ನಾಲ್ಕು ಗೂಟ ಮುರಿದರೂ ಸೇತುವೆ ಥಟ್ಟನೆ ಬೀಳುವುದಿಲ್ಲ. ಆ ಪಾಲನ್ನು ಪಕ್ಕದ ಹಲಗೆಗಳು ಹೊರುತ್ತವೆ. ಟೌನ್ ತಾನೇ ನಿಂತು ಸೇತುವೆ ಕಟ್ಟಿಸುವುದಕ್ಕಿಂತ ವಿನ್ಯಾಸದ ಹಕ್ಕನ್ನು ಮಾರುವುದರಲ್ಲಿ ಹೆಚ್ಚು ತೊಡಗಿದ್ದ. ಅಡಿಗೆ ಒಂದು ಡಾಲರ್ ಅವನ ದರ. ಕೇಳದೆ ಕಟ್ಟಿದವರಿಂದ ಅದರ ಎರಡರಷ್ಟು ವಸೂಲು ಮಾಡುತ್ತಿದ್ದನಂತೆ. 1835ರಲ್ಲಿ ಅವನು ಸುಧಾರಿತ ರೂಪಕ್ಕೆ ಮತ್ತೊಂದು ಪೇಟೆಂಟ್ ಪಡೆದ.

ಇಲ್ಲಿ ಒಂದು ಕ್ಷಣ ದಾರಿಯಿಂದ ಪಕ್ಕಕ್ಕೆ ಸರಿಯುತ್ತೇನೆ. ಟ್ರಸ್‌ನ ಪ್ರತಿ ಅಂಗದ ಮೇಲೆ ಬೀಳುವ ಬಲವನ್ನು ಲೆಕ್ಕ ಹಾಕುವ ಕ್ರಮವನ್ನು ಅಮೆರಿಕದಲ್ಲಿ ಸ್ಕ್ವೈರ್ ವಿಪ್ಪಲ್ ಅಚ್ಚಿಗೆ ತಂದದ್ದು 1847ರಲ್ಲಿ, ಅಂದರೆ ಟೌನ್‌ನ ಪೇಟೆಂಟ್ ಬಂದು 27 ವರ್ಷ ಕಳೆದ ಮೇಲೆ. ಆ ಕ್ರಮ ಕೂಡ ಸರಳ ಟ್ರಸ್‌ಗಳಿಗೆ ಒದಗುತ್ತಿತ್ತೇ ಹೊರತು ಜಾಲರಿಗೆ ನೇರವಾಗಿ ಒದಗುತ್ತಿರಲಿಲ್ಲ. ಜಾಲರಿಯಲ್ಲಿ ಭಾರಕ್ಕೆ ಹರಿಯಲು ಅಸಂಖ್ಯ ದಾರಿಗಳಿವೆ. ಯಾವ ದಾರಿಯಲ್ಲಿ ಎಷ್ಟು ಹರಿಯುತ್ತದೆ ಎಂದು ಕಾಗದದ ಮೇಲೆ ಬಿಡಿಸುವುದು ಕಷ್ಟ. ಹಾಗಾದರೆ ಹಳ್ಳಿಯ ಬಡಗಿಗಳು ಯಾವ ಧೈರ್ಯದ ಮೇಲೆ ಕಟ್ಟಿದರು? ಕಟ್ಟಿದ್ದನ್ನು ನೋಡಿ, ಬಿದ್ದದ್ದನ್ನು ನೋಡಿ, ಬಾಗಿದ್ದನ್ನು ಅಳೆದು ಕಟ್ಟಿದರು. ಅದನ್ನು ಕುರುಡು ಅಂದಾಜು ಎಂದು ಕರೆಯುವುದು ತಪ್ಪು. ಲೆಕ್ಕ ಬರುವ ಮೊದಲೂ ಜ್ಞಾನ ಇತ್ತು, ಅದು ಕೈಯಲ್ಲಿ ಮತ್ತು ಕಣ್ಣಿನಲ್ಲಿ ಇತ್ತು.

ಟಾಸ್ಕರ್ ಅಂಥ ಬಡಗಿ. ಕಾರ್ನಿಷ್ ಅವನ ಊರು. ಅದೇ ಊರಿನ ಚಿಕ್ಕ ಹೊಳೆಗಳ ಮೇಲೆ 1877, 1881 ಮತ್ತು 1882ರಲ್ಲಿ ಅವನು ಕಟ್ಟಿದ ಮೂರು ಪುಟ್ಟ ಚಾವಣಿ ಸೇತುವೆಗಳು ಈಗಲೂ ನಿಂತಿವೆ. ದೊಡ್ಡ ನದಿಯ ಸೇತುವೆಗೆ ಅವನೂ ಫ್ಲೆಚರನೂ ಟೌನ್‌ನ ಜಾಲರಿಯನ್ನೇ ಆರಿಸಿಕೊಂಡರು, ಆದರೆ ಇದ್ದ ಹಾಗೆ ಎತ್ತಿಕೊಳ್ಳಲಿಲ್ಲ. ಇನ್ನೂರು ಅಡಿ ಹರವಿಗೆ ಹಲಗೆಗಳು ಸಾಲವು ಎಂದು ಕಂಡಿರಬೇಕು. ಹಲಗೆಗಳ ಬದಲು ಚೌಕವಾಗಿ ಕೊಯ್ದ ತೊಲೆಗಳನ್ನು ಬಳಸಿ, ಎರಡು ತೊಲೆಗಳು ಹಾಯುವ ಕಡೆ ಎರಡಕ್ಕೂ ಕಚ್ಚು ಕೊಯ್ದು ಒಂದರೊಳಗೊಂದನ್ನು ಕೂರಿಸಿದರು. ಹಲಗೆಯ ಜಾಲರಿಯಲ್ಲಿ ಭಾರವನ್ನು ದಾಟಿಸುವುದು ಗೂಟ ಮಾತ್ರ. ಕಚ್ಚು ಹಾಕಿದ ಜಾಲರಿಯಲ್ಲಿ ಮರಕ್ಕೆ ಮರವೇ ಮೈಯೊಡ್ಡಿ ನಿಲ್ಲುತ್ತದೆ. ಕಚ್ಚು ಒಂದು ಕೂದಲೆಳೆ ಸಡಿಲವಾದರೂ ಭಾರ ಬಿದ್ದಾಗ ಆ ಸಡಿಲವೆಲ್ಲ ಕೂಡಿ ಸೇತುವೆ ಬಾಗುತ್ತದೆ. ಆದ್ದರಿಂದ ಅವರು ಟ್ರಸ್‌ಗಳನ್ನು ಮೊದಲು ದಡದ ಹುಲ್ಲುಗಾವಲಿನಲ್ಲಿ ಹಾಸಿ ಜೋಡಿಸಿಕೊಂಡರು. ನೆಲದ ಮೇಲೆ ಹೊಂದಿಸಿ ನೋಡಿದ್ದನ್ನು ಆಮೇಲೆ ನದಿಯ ಮೇಲೆ ಏರಿಸಿದರು.

ಮಾಡಿಗೆ ಇನ್ನೊಂದು ಕೆಲಸವೂ ಇದೆ. ಅದನ್ನು ಹೇಳದೆ ಮುಂದೆ ಹೋಗಲಾರೆ. ಎರಡು ಪಕ್ಕದ ಟ್ರಸ್‌ಗಳು ಎತ್ತರವಾಗಿ, ತೆಳುವಾಗಿ ನಿಂತ ಗೋಡೆಗಳಂತೆ ಇರುತ್ತವೆ. ಒತ್ತಡಕ್ಕೆ ಸಿಕ್ಕ ಮೇಲ್ತೊಲೆ ಪಕ್ಕಕ್ಕೆ ಸೊಟ್ಟಗಾಗಲು ಹವಣಿಸುತ್ತದೆ. ಚಾವಣಿಯ ಅಡ್ಡಪಟ್ಟಿಗಳು, ಮೂಲೆಯ ಓರೆಗಂಬಗಳು ಎರಡೂ ಟ್ರಸ್‌ಗಳ ತಲೆಯನ್ನು ಹಿಡಿದು ನೆಟ್ಟಗೆ ನಿಲ್ಲಿಸುತ್ತವೆ. ಇದರ ಬೆಲೆಯನ್ನೂ ತೆರಬೇಕು: ಹಲಗೆಗೋಡೆ ಇರುವುದರಿಂದ ಬಿರುಗಾಳಿ ಇಡೀ ಮೈಗೆ ಬಡಿಯುತ್ತದೆ. ಆ ತಳ್ಳುವಿಕೆಯನ್ನು ತಾಳಿಕೊಳ್ಳುವುದೂ ಇದೇ ಅಡ್ಡಕಟ್ಟುಗಳ ಹೊಣೆ.

ಈಗ ಫಲಕದ ವಿಷಯ. ಕುದುರೆ ನಡೆಯುವಾಗ ನಾಲ್ಕು ಕಾಲುಗಳು ಒಂದಾದ ಮೇಲೊಂದು ನೆಲಕ್ಕೆ ತಾಗುತ್ತವೆ. ಹದವಾಗಿ ಓಡುವಾಗ ಎರಡೆರಡು ಕಾಲು ಒಟ್ಟಿಗೆ ಬಡಿಯುತ್ತವೆ, ತಾಳ ಹಾಕಿದಂತೆ. ಜೋಡಿ ಕುದುರೆ ಹೂಡಿದ ಗಾಡಿಗಳು ಓಡಿದರೆ ಪೆಟ್ಟು ಹಾಗೆಯೇ ಹೆಚ್ಚುತ್ತದೆ. ಆ ಪೆಟ್ಟಿನ ಲಯಕ್ಕೆ ಸೇತುವೆಯೂ ತೂಗಲು ತೊಡಗಿದರೆ ಕೂಡುಗೆಗಳು ದಿನದಿನಕ್ಕೆ ಸಡಿಲವಾಗುತ್ತವೆ. ಎರಡು ಡಾಲರ್ ದಂಡ ಕೂಡುಗೆಗಳನ್ನು ಕಾಯುವ ಕಾವಲು; ಮಾಡಿನ ಉದ್ದೇಶವೂ ದಂಡದ ಉದ್ದೇಶವೂ ಒಂದೇ.

ಸೇತುವೆ ಮೊದಲು ಖಾಸಗಿಯವರದಾಗಿತ್ತು. ದಾಟುವವರು ಸುಂಕ ಕೊಡಬೇಕಿತ್ತು. 1936ರಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯ ಅದನ್ನು ಕೊಂಡಿತು, 1943ರಲ್ಲಿ ಸುಂಕ ನಿಂತಿತು. ಎರಡು ರಾಜ್ಯಗಳ ನಡುವಿನ ಸೇತುವೆಯನ್ನು ಒಂದೇ ರಾಜ್ಯ ಏಕೆ ಕೊಂಡಿತು ಎಂದು ನಿಮಗೆ ಅನಿಸಬಹುದು. ಗಡಿ ಎಲ್ಲಿದೆ ಎಂಬ ವ್ಯಾಜ್ಯವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1933ರಲ್ಲಿ ತೀರ್ಮಾನಿಸಿತ್ತು: ಗಡಿ ನದಿಯ ನಡುವೆ ಇಲ್ಲ, ವರ್ಮಾಂಟ್ ಬದಿಯ ದಡದಲ್ಲಿ ನೀರು ಇಳಿದಾಗ ಕಾಣುವ ಗೆರೆಯಲ್ಲಿದೆ. ನದಿ ನ್ಯೂ ಹ್ಯಾಂಪ್‌ಷೈರಿನದಾಯಿತು, ಅದರೊಡನೆ ಸೇತುವೆಯ ಬಹುಭಾಗವೂ ಅದನ್ನು ನೋಡಿಕೊಳ್ಳುವ ಹೊಣೆಯೂ. 1970ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರರ ಸಂಘ ಇದನ್ನು ರಾಷ್ಟ್ರೀಯ ಐತಿಹಾಸಿಕ ಎಂಜಿನಿಯರಿಂಗ್ ಹೆಗ್ಗುರುತುಗಳ ಪಟ್ಟಿಗೆ ಸೇರಿಸಿತು.

ಗೌರವ ಬಂದರೂ ಬಾಗು ನಿಲ್ಲಲಿಲ್ಲ. ಎಳೆತದ ಮಾತನ್ನು ನೆನಪಿಡಿ ಎಂದೆನಲ್ಲ, ಅದು ಇಲ್ಲಿಗೆ ಬರುತ್ತದೆ. ಒಂದು ಮರವನ್ನು ಇನ್ನೊಂದಕ್ಕೆ ಒತ್ತಿ ನಿಲ್ಲಿಸುವುದು ಸುಲಭ. ಎರಡನ್ನು ತುದಿಗೆ ತುದಿ ಜೋಡಿಸಿ ಎಳೆದರೂ ಬಿಡದಂತೆ ಮಾಡುವುದು ಕಷ್ಟ. ಅಡಿತೊಲೆ ಹಲವು ತುಂಡುಗಳ ಸರಪಳಿ. ಪ್ರತಿ ಕೂಡುಗೆಯೂ ವರ್ಷದಿಂದ ವರ್ಷಕ್ಕೆ ಎಳ್ಳಷ್ಟು ಜಾರುತ್ತದೆ. ಇದರ ಜೊತೆಗೆ, ಸದಾ ಭಾರ ಹೊತ್ತ ಮರ ತಾನೂ ನಿಧಾನವಾಗಿ ಬಗ್ಗುತ್ತ ಹೋಗುತ್ತದೆ. ಪುಸ್ತಕದ ಕಪಾಟಿನ ಹಲಗೆ ಹತ್ತು ವರ್ಷಕ್ಕೆ ನಡುವೆ ಜೋಲುವುದನ್ನು ನೋಡಿದ್ದೀರಲ್ಲ. ಕೊನೆಗೆ 1987ರಲ್ಲಿ ಸೇತುವೆಯನ್ನು ಸಂಚಾರಕ್ಕೆ ಮುಚ್ಚಿದರು. ದುರಸ್ತಿ ಮುಗಿದು 1989ರಲ್ಲಿ ಮತ್ತೆ ತೆರೆಯಿತು. ಆದ ವೆಚ್ಚ ಸುಮಾರು 44 ಲಕ್ಷ 50 ಸಾವಿರ ಡಾಲರ್.

ದುರಸ್ತಿಯಲ್ಲಿ ಅಂಟುಪದರದ ತೊಲೆಗಳನ್ನು ಬಳಸಿದರು. ತೆಳು ಹಲಗೆಗಳನ್ನು ಅಂಟಿನಿಂದ ಒಂದರ ಮೇಲೊಂದು ಕೂಡಿಸಿ ಮಾಡುವ ಈ ತೊಲೆಯನ್ನು ಬೇಕಾದಷ್ಟು ಉದ್ದಕ್ಕೆ ತಯಾರಿಸಬಹುದು. ಹಾಗಾಗಿ ಎಳೆತದ ಕೂಡುಗೆಗಳ ಸಂಖ್ಯೆಯೇ ತಗ್ಗುತ್ತದೆ. 1866ರ ಬಡಗಿಗಳಿಗೆ ಗೊತ್ತಿಲ್ಲದ ವಸ್ತುವನ್ನು ಅವರ ಸೇತುವೆಗೆ ಹಾಕಬಹುದೇ ಎಂಬ ಆಕ್ಷೇಪಕ್ಕೆ ಅರ್ಥವಿಲ್ಲದಿಲ್ಲ. ಆದರೂ ನನ್ನ ಅಭಿಪ್ರಾಯ ದುರಸ್ತಿಯ ಪರವಾಗಿದೆ. ಗುಪ್ತವಾಗಿ ಉಕ್ಕಿನ ತೊಲೆ ತೂರಿಸಿ, ಮರದ ಟ್ರಸ್‌ಗಳನ್ನು ಭಾರವಿಲ್ಲದ ಅಲಂಕಾರವಾಗಿ ಉಳಿಸಿಕೊಂಡ ಸೇತುವೆಗಳೂ ಅಲ್ಲಿವೆ. ನೋಡಲು ಅವು ಹಳೆಯವೇ, ಆದರೆ ಅವುಗಳ ಮರ ಏನನ್ನೂ ಹೊರುವುದಿಲ್ಲ. ಕಾರ್ನಿಷ್–ವಿಂಡ್ಸರ್‌ನಲ್ಲಿ ಇಂದಿಗೂ ಭಾರ ಹೊರುತ್ತಿರುವುದು ಮರದ ಜಾಲರಿಯೇ.

ಹಾಗೆಂದು ಮಾಡು ಎಲ್ಲ ಆಪತ್ತನ್ನೂ ತಡೆಯದು. 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಮಳೆ ವರ್ಮಾಂಟ್ ರಾಜ್ಯದ ಮೇಲೆ ಸುರಿಯಿತು. ಬಾರ್ಟನ್ಸ್‌ವಿಲ್ ಎಂಬ ಹಳ್ಳಿಯಲ್ಲಿ 1870ರ ಜಾಲರಿ ಸೇತುವೆಯೊಂದಿತ್ತು. ಹೊಳೆ ದಡದ ಕಟ್ಟೆಯ ಬುಡವನ್ನು ಕೊರೆಯಿತು. ಆಸರೆ ತಪ್ಪಿದ ಸೇತುವೆ ಮಾಡಿನ ಸಮೇತ ನೀರಿಗೆ ಜಾರಿ ತೇಲಿಹೋದ ದೃಶ್ಯವನ್ನು ಜನ ಚಿತ್ರೀಕರಿಸಿದರು. ಮರದಲ್ಲಿ ದೋಷವಿರಲಿಲ್ಲ, ಸೋತದ್ದು ಕಾಲಡಿಯ ನೆಲ. ಆ ಜಾಗಕ್ಕೆ ಕಾಂಕ್ರೀಟಿನ ಸೇತುವೆ ಬರಬಹುದಿತ್ತು. ಊರಿನವರು ಮತ್ತೆ ಮರದ ಜಾಲರಿಯನ್ನೇ, ಮತ್ತೆ ಮಾಡು ಹೊದಿಸಿ ಕಟ್ಟಿಸಿಕೊಂಡರು. 2013ರಲ್ಲಿ ಅದರ ಮೇಲೆ ಸಂಚಾರ ಆರಂಭವಾಯಿತು.

ನಿಮ್ಮ ಮಕ್ಕಳೋ ನೆಂಟರೋ ಆ ಪ್ರದೇಶದಲ್ಲಿ ಇರಬಹುದು, ನೀವೂ ಒಮ್ಮೆ ಹೋಗಬಹುದು. ಹೋದವರು ಸಾಮಾನ್ಯವಾಗಿ ಹೊರಗೆ ನಿಂತು ಮಾಡನ್ನು ನೋಡುತ್ತಾರೆ. ಒಳಗೆ ಹೋಗಿ, ಗೋಡೆಯ ಬದಿಗೆ ನಿಂತು ಜಾಲರಿಯ ಕಚ್ಚುಗಳನ್ನು ನೋಡಿ. ಆಮೇಲೆ ದಡದ ಹತ್ತಿರ ಬಂದು, ಬಗ್ಗಿ, ಅಡಿತೊಲೆಯ ತುದಿ ಕಲ್ಲುಕಟ್ಟೆಯ ಮೇಲೆ ಕೂತಿರುವ ಜಾಗವನ್ನು ಗಮನಿಸಿ. ಚಕ್ರಗಳು ಹೊತ್ತು ತಂದ ಮಣ್ಣು, ಒದ್ದೆ ಎಲೆ, ಕರಗಿದ ಹಿಮ ಎಲ್ಲ ಬಂದು ಸೇರುವುದು ಅಲ್ಲಿ. ಮಾಡಿನ ರಕ್ಷಣೆ ಅತಿ ಕಡಿಮೆ ಇರುವುದು ಅಲ್ಲಿ. ಸೇತುವೆಯ ತಪಾಸಣೆಗೆ ಬರುವವರು ಎಲ್ಲಕ್ಕಿಂತ ಮೊದಲು ಆ ಮಣ್ಣನ್ನು ಕೆರೆದು ತೆಗೆದು, ಮೊನಚಾದ ಉಳಿಯಿಂದ ಆ ತುದಿಯನ್ನು ಚುಚ್ಚಿ ನೋಡುತ್ತಾರೆ.